ಮೋಟಾರಿನ ಕಿಡಿ: ಪರೀಕ್ಷೆಗೆ ಮುನ್ನ ಮಾಡತಕ್ಕ ಸಿದ್ಧತೆ

ಚಿತ್ರದುರ್ಗದ ಸೀಮೆಯಲ್ಲಿ ಮೋಟಾರು ಗಾಡಿಯು ಈಗ ಕೇವಲ ವಿಲಾಸದ ವಸ್ತುವಲ್ಲ. ಹೊಸದುರ್ಗ, ಹೊಳಲ್ಕೆರೆಗಳ ತೋಟದ ಮನೆಗಳಿಂದ ರೋಗಿಯನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ಅನೇಕ ವೇಳೆ ಅದೇ ಗತಿ. ಇಂಥ ಗಾಡಿಯು ಬೆಳಗಿನ ಜಾವ ಹೊರಡದೆ ಹೋದರೆ, ಅಥವಾ ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವಣ ಹೆದ್ದಾರಿಯಲ್ಲಿ ಮುಗ್ಗರಿಸತೊಡಗಿದರೆ, ಗಾಬರಿಯಿಂದ ಒಂದೊಂದೇ ಭಾಗವನ್ನು ಬದಲಿಸುವವರುಂಟು. ನಾಡಿ ಹಿಡಿಯದೆ ಮದ್ದು ಕೊಡುವುದಕ್ಕೂ ಇದಕ್ಕೂ ಭೇದವಿಲ್ಲ. ಆದುದರಿಂದ ಕಿಡಿಯ ದೋಷವನ್ನು ಹುಡುಕುವ ಮೊದಲು ಮಾಡಿಕೊಳ್ಳತಕ್ಕ ಸಿದ್ಧತೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಪೆಟ್ರೋಲಿನ ಯಂತ್ರದಲ್ಲಿ ಬ್ಯಾಟರಿಯ 12 ವೋಲ್ಟು ವಿದ್ಯುತ್ತನ್ನು ಕಾಯಿಲ್ ಎಂಬ ಸುರುಳಿಯು 20,000 ವೋಲ್ಟಿಗೂ ಮೇಲಕ್ಕೆ ಏರಿಸುತ್ತದೆ. ಆ ವಿದ್ಯುತ್ತು ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರಿನ ಸಂದನ್ನು ಹಾರುವಾಗ ಹುಟ್ಟುವ ಕಿಡಿಯೇ ಇಂಧನವನ್ನು ಹೊತ್ತಿಸುವುದು. ಡೀಸೆಲ್ ಯಂತ್ರದಲ್ಲಿ ಒತ್ತಿದ ಗಾಳಿಯ ಕಾವಿನಿಂದಲೇ ಇಂಧನವು ಹೊತ್ತುವುದರಿಂದ, ಅಂಥ ಗಾಡಿಯವರು ಕಿಡಿಯನ್ನು ಅರಸಬೇಕಾದುದಿಲ್ಲ.

ಕೆಟ್ಟಿರುವುದು ಕಿಡಿಯೋ ಇಂಧನವೋ ಎಂಬುದೇ ಮೊದಲ ಪ್ರಶ್ನೆ. 1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜರ ಪತ್ನಿ ಬರ್ತಾ ಬೆಂಜರು ತಮ್ಮ ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಮೋಟಾರಿನಲ್ಲಿ ಹೊರಟರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದರೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರೆಂದೂ ಪ್ರಸಿದ್ಧಿ. ಸೂಜಿ ಎಲ್ಲಿಗೆ, ಪಟ್ಟಿ ಎಲ್ಲಿಗೆ ಎಂಬ ವಿವೇಕವೇ ಅಲ್ಲಿ ಗಾಡಿಯನ್ನು ನಡೆಸಿತು.

ಆದಕಾರಣ ಬಾನೆಟ್ ಎತ್ತುವ ಮುನ್ನವೇ ಒಂದು ಕಾಗದದಲ್ಲಿ ಲಕ್ಷಣಗಳನ್ನು ಬರೆದುಕೊಳ್ಳತಕ್ಕದ್ದು. ಬೀಗದಕೈ ತಿರುಗಿಸಿದಾಗ ಟಕ್ಕೆಂಬ ಸದ್ದು ಮಾತ್ರ ಬಂದರೆ, ಮೊದಲು ನೋಡಬೇಕಾದುದು ಬ್ಯಾಟರಿಯನ್ನೂ ಅದರ ತಂತಿಗಳ ಬಿಗಿಯನ್ನೂ. ಯಂತ್ರವು ಚುರುಕಾಗಿ ತಿರುಗಿಯೂ ಹೊತ್ತದಿದ್ದರೆ ಕಿಡಿ ಅಥವಾ ಇಂಧನದ ಕೊರತೆ. ತೇವದ ದಿನಗಳಲ್ಲಿ ಮಾತ್ರ ಮುಗ್ಗರಿಸಿದರೆ ತಂತಿಯ ಅಥವಾ ಕಾಯಿಲಿನ ಹೊದಿಕೆಯ ಮೇಲೆ ಸಂಶಯ. ಬಿಸಿಯಾದಾಗ ನಿಂತು, ತಣಿದ ಮೇಲೆ ಹೊರಟರೆ ಅದೂ ಒಂದು ಸುಳಿವು.

ಬಳಿಕ ಸಾಮಗ್ರಿ: ವೋಲ್ಟ್ ಅಳೆಯುವ ಮೀಟರು, ಪ್ಲಗ್ ಬಿಚ್ಚುವ ಸ್ಪ್ಯಾನರು, ಬ್ರಷ್ಷು, ಬ್ಯಾಟರಿ ದೀಪ, ಗಾಡಿಯ ಕೈಪಿಡಿ. ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಸುಮಾರು 12.6 ವೋಲ್ಟು ತೋರಿದರೆ ಪೂರ್ಣವಾಗಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆ. ಬ್ಯಾಟರಿ ಸೋತಿರುವಾಗ ಮಾಡಿದ ಉಳಿದ ಪರೀಕ್ಷೆಗಳು ನಂಬತಕ್ಕವಲ್ಲ. ನಮ್ಮ ಬಯಲುಸೀಮೆಯ ಧೂಳು ಪ್ಲಗ್ಗಿನ ಬುಡದಲ್ಲಿ ಕೂರುವುದರಿಂದ, ಬಿಚ್ಚುವ ಮೊದಲು ಅದನ್ನು ತೆಗೆಯಬೇಕು. ಇಲ್ಲವಾದರೆ ಅದು ಯಂತ್ರದ ಒಳಕ್ಕೆ ಬೀಳುವುದು.

ಈಚಿನ ಗಾಡಿಗಳು ತಮ್ಮ ದೋಷವನ್ನು ತಾವೇ ಸಂಕೇತದಲ್ಲಿ ಬರೆದಿಡುತ್ತವೆ. ಅದನ್ನು ಓದುವ ಸಣ್ಣ ಉಪಕರಣವು ವರ್ಕ್‌ಷಾಪುಗಳಲ್ಲಿರುತ್ತದೆ. ಪಿ0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲವೆಂದು ಅರ್ಥ. ಅದು ಊರನ್ನು ಹೇಳುತ್ತದೆ, ಕಳ್ಳನನ್ನಲ್ಲ. ಪ್ಲಗ್ಗೋ ಕಾಯಿಲೋ ಇಂಧನವೋ ಎಂಬುದನ್ನು ಪರೀಕ್ಷೆಯೇ ತೀರ್ಮಾನಿಸಬೇಕು. ಬ್ಯಾಟರಿಯ ತಂತಿ ಬಿಚ್ಚಿದರೆ ಸಂಕೇತವು ಅಳಿಯಬಹುದಾದ್ದರಿಂದ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಯಂತ್ರದ ದೀಪವು ಮಿಣುಕುತ್ತಿದ್ದರೆ ಓಡಿಸಲಾಗದು. ಹೊತ್ತದ ಪೆಟ್ರೋಲು ಹೊಗೆಕೊಳವೆಯಲ್ಲಿ ಉರಿದು ಬೆಲೆಬಾಳುವ ಶೋಧಕವನ್ನು ಕೆಡಿಸೀತು.

ಕಡೆಯದಾದರೂ ಮುಖ್ಯವಾದುದು ಪ್ರಾಣರಕ್ಷಣೆ. ಗಾಡಿಯು ಸಮನೆಲದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಯಂತ್ರ ತಣಿದಿರಲಿ, ಮಕ್ಕಳು ದೂರವಿರಲಿ. ಪೆಟ್ರೋಲಿನ ವಾಸನೆಯಿದ್ದರೆ ಕಿಡಿಯ ಪರೀಕ್ಷೆ ಕೂಡದು. ಓಡುವ ಯಂತ್ರದ ತಂತಿಯನ್ನು ಕಿತ್ತು ಕಿಡಿ ನೋಡುವ ಹಳೆಯ ಪದ್ಧತಿಯನ್ನು ಬಿಡಬೇಕು. ಅದರಿಂದ ಕೈಗೆ ಆಘಾತ, ಗಾಡಿಯ ಸೂಕ್ಷ್ಮ ಭಾಗಗಳಿಗೆ ಹಾನಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಸುಳಿಯಬಾರದು. ಹೆದ್ದಾರಿಯಲ್ಲಾದರೆ ಬಾನೆಟ್ ತೆರೆಯುವುದಕ್ಕಿಂತ ಮನೆಮಂದಿಯನ್ನು ರಸ್ತೆಯಿಂದ ಆಚೆಗೆ ನಿಲ್ಲಿಸಿ, 1033ಕ್ಕೆ ಕರೆಮಾಡುವುದೇ ಮೊದಲ ಕರ್ತವ್ಯ.

ಇಷ್ಟು ಸಿದ್ಧತೆಗೆ ಅರ್ಧ ಗಂಟೆಯೂ ಹಿಡಿಯದು. ಮುಂದಿನ ದುರಸ್ತಿಯನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿದರೂ, ಲಕ್ಷಣಗಳ ಚೀಟಿಯೊಡನೆ ಹೋದ ಗೃಹಸ್ಥರು ಬೇಡದ ಭಾಗಕ್ಕೆ ಹಣ ತೆರುವ ಪ್ರಸಂಗವು ವಿರಳ. ಆ ಚೀಟಿಯನ್ನು ಗಾಡಿಯ ಕಾಗದಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಬೇಕೆಂದು ನಮ್ಮ ಬಿನ್ನಹ.