ಮೀಟರಿನ ಹಸಿರು ದೀಪದ ಅರ್ಥವನ್ನೂ ಪರೀಕ್ಷೆಯಲ್ಲಿ ಕೇಳಿ

ರಾಜ್ಯದ ಸಾರಿಗೆ ಮತ್ತು ರಸ್ತೆ ಸುರಕ್ಷತಾ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಜೋಡಿಸುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡಾಡುವ ಎಷ್ಟೋ ಹೊಸ ಕಾರುಗಳ ಸ್ಟೀರಿಂಗ್ ಮೇಲೆ ಹಾರ್ನ್ ಪಕ್ಕದಲ್ಲಿ ನಾಲ್ಕೈದು ಗುಂಡಿಗಳು ಹೆಚ್ಚಿಗೆ ಇರುತ್ತವೆ. ಅವು ಕ್ರೂಸ್ ಕಂಟ್ರೋಲ್‌ನ ಸ್ವಿಚ್ಚುಗಳು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಕಾರು ಒಂದೇ ವೇಗದಲ್ಲಿ ಓಡುವಂತೆ ಮಾಡುವ ವ್ಯವಸ್ಥೆ ಅದು. ಒಂದು ಕಾಲಕ್ಕೆ ದುಬಾರಿ ಕಾರುಗಳಿಗಷ್ಟೇ ಸೀಮಿತವಾಗಿದ್ದದ್ದು ಈಗ ಮಧ್ಯಮ ಬೆಲೆಯ ಕಾರುಗಳಿಗೂ ಬಂದಿದೆ. ಆದರೆ ಆ ಗುಂಡಿ ಒತ್ತಿದರೆ ಏನಾಗುತ್ತದೆ, ಮೀಟರಿನಲ್ಲಿ ಹೊತ್ತಿಕೊಂಡ ದೀಪ ಏನು ಹೇಳುತ್ತಿದೆ ಎಂಬುದು ಚಾಲಕನಿಗೆ ಗೊತ್ತಿದೆಯೇ ಎಂದು ಪರೀಕ್ಷಿಸಬೇಕೆಂಬ ಕಡ್ಡಾಯವು ಲೈಸೆನ್ಸ್ ನಿಯಮಗಳಲ್ಲಿಲ್ಲ. ಅದನ್ನು ಕಲಿಸಬೇಕು, ಪರೀಕ್ಷೆಯಲ್ಲಿ ಕೇಳಬೇಕು ಎಂಬುದು ಈ ಪತ್ರದ ತಿರುಳು.

ಈ ವ್ಯವಸ್ಥೆಗೆ ಮೂರು ಸ್ಥಿತಿಗಳಿವೆ: ಪೂರ್ತಿ ಬಂದ್, ಸಿದ್ಧ, ಚಾಲನೆ. ಮುಖ್ಯ ಸ್ವಿಚ್ ಒತ್ತಿದಾಗ ವೇಗಮಾಪಕಕ್ಕೆ ಬಾಣ ತೋರಿಸುವ ಪುಟ್ಟ ಚಿತ್ರ ಮೂಡುತ್ತದೆ. ಅನೇಕ ಕಾರುಗಳಲ್ಲಿ ಅದು ಬಿಳಿ ಅಥವಾ ಬೂದು ಬಣ್ಣದಲ್ಲಿದ್ದರೆ ವ್ಯವಸ್ಥೆ ಸಿದ್ಧವಾಗಿದೆ, ಇನ್ನೂ ವೇಗ ಹಿಡಿದಿಲ್ಲ ಎಂದರ್ಥ. ‘ಸೆಟ್’ ಒತ್ತಿದರೆ ಆ ಕ್ಷಣದ ವೇಗ ನೆನಪಿನಲ್ಲಿ ಕೂರುತ್ತದೆ, ಚಿತ್ರ ಹಸಿರಾಗುತ್ತದೆ. ಬ್ರೇಕ್ ಅಥವಾ ಕ್ಲಚ್ ತುಳಿದರೆ, ‘ಕ್ಯಾನ್ಸಲ್’ ಒತ್ತಿದರೆ ಹಿಡಿತ ಬಿಡುತ್ತದೆ, ನೆನಪು ಮಾತ್ರ ಉಳಿಯುತ್ತದೆ. ‘ರೆಸ್’ ಎಂದು ಬರೆದ ಗುಂಡಿ ಒತ್ತಿದ ಕೂಡಲೇ ಕಾರು ಹಳೆಯ ವೇಗಕ್ಕೆ ತಾನಾಗಿ ಏರುತ್ತದೆ. ಇದರ ಜೊತೆಗೆ ಕೆಲವು ಕಾರುಗಳಲ್ಲಿ ‘ಲಿಮ್’ ಎಂಬ ಗುಂಡಿಯೂ ಇದೆ. ಅದು ವೇಗಕ್ಕೆ ಮಿತಿ ಹಾಕುವುದೇ ಹೊರತು ಕಾರನ್ನು ತಾನಾಗಿ ಓಡಿಸುವುದಿಲ್ಲ. ಎರಡರ ಚಿತ್ರಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಮುಂದಿನ ವಾಹನ ನೋಡಿ ವೇಗ ತಗ್ಗಿಸುವ ಅಡಾಪ್ಟಿವ್ ಬಗೆಯ ಚಿತ್ರದಲ್ಲಿ ಸಾಮಾನ್ಯವಾಗಿ ಒಂದು ಕಾರು, ಅಂತರ ತೋರಿಸುವ ಗೆರೆಗಳು ಇರುತ್ತವೆ. ಸಾದಾ ಕ್ರೂಸ್ ಇರುವ ಕಾರನ್ನು ಅಡಾಪ್ಟಿವ್ ಎಂದುಕೊಂಡವನು, ಮುಂದೆ ಲಾರಿ ಬಂದಾಗ ಬಾರದ ಬ್ರೇಕಿಗಾಗಿ ಕಾಯುತ್ತಾನೆ.

ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಗುಂಡಿ ಹುಡುಕಲು ಎರಡು ಸೆಕೆಂಡು ತಲೆ ತಗ್ಗಿಸಿದರೆ 50 ಮೀಟರ್ ರಸ್ತೆ ನೋಡದೆಯೇ ದಾಟಿದಂತಾಯಿತು. ನಮ್ಮ ಭಾಗದ ರಸ್ತೆಯಲ್ಲಿ ಆ 50 ಮೀಟರಿನೊಳಗೆ ಏನೇನಿರುತ್ತದೆಂದು ತಮಗೆ ತಿಳಿಯದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಕಟಾವಿಗೆ ಬಂದರೆ ಕೊಯ್ಲು ಯಂತ್ರಗಳು ಹೊಲದಿಂದ ಹೊಲಕ್ಕೆ ಇದೇ ರಸ್ತೆಯಲ್ಲಿ ನಿಧಾನಕ್ಕೆ ಸಾಗುತ್ತವೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ಕುರಿ ಹಿಂಡು, ಎತ್ತಿನ ಬಂಡಿ, ಬಣ್ಣ ಮಾಸಿದ ರಸ್ತೆ ಉಬ್ಬು ಎಲ್ಲವೂ ಇವೆ. ಊರು ಬಂತೆಂದು ಬ್ರೇಕ್ ತುಳಿದವನು, ಊರು ದಾಟುವ ಮೊದಲೇ ‘ರೆಸ್’ ಒತ್ತಿದರೆ ಕಾರು 90ರತ್ತ ಜಿಗಿಯುತ್ತದೆ. ಕಾರಿನ ವೇಗ ಇಷ್ಟು ಬೇಗ ಏಕೆ ಏರಿತೆಂದು ಅವನಿಗೆ ಹೊಳೆಯುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ. ಮಳೆಯಲ್ಲಿ ಒದ್ದೆಯಾದ ರಸ್ತೆಗೆ, ತಿರುವಿಗೆ, ದಟ್ಟಣೆಗೆ ಕ್ರೂಸ್ ಕಂಟ್ರೋಲ್ ತಕ್ಕುದಲ್ಲವೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ. ಆದರೂ ತಡೆಯಿಲ್ಲದ ಉದ್ದನೆಯ ಹೆದ್ದಾರಿಯಲ್ಲಿ ಅದರ ಉಪಯೋಗ ನಿಜ. ನಮ್ಮ ಚಾಲಕರೂ ಚತುಷ್ಪಥದಲ್ಲಿ ಬೆಂಗಳೂರಿನತ್ತ ಹೋಗುವಾಗ ಅದರ ಲಾಭ ಪಡೆಯಲಿ. ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ತಿಳಿವಳಿಕೆ ಮಾತ್ರ ಗುಂಡಿಯ ಜೊತೆಗೇ ಬರಬೇಕು.

ಈಗಿರುವ ನಿಯಮಗಳನ್ನು ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮದ ಪ್ರಕಾರ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಪರೀಕ್ಷೆಯ ವಿಷಯಗಳು ರಸ್ತೆ ಚಿಹ್ನೆ, ಸಂಚಾರ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ವಹಿಸಬೇಕಾದ ಎಚ್ಚರ, ಜೊತೆಗಿರಬೇಕಾದ ದಾಖಲೆ. ಡ್ರೈವಿಂಗ್ ಸ್ಕೂಲುಗಳ ಪಠ್ಯಕ್ರಮ ಹೇಳುವ 31ನೇ ನಿಯಮದಲ್ಲಿ ಕ್ಲಚ್, ಬ್ರೇಕ್, ಹಾರ್ನ್, ವೈಪರ್, ಡಿಪ್ಪರ್‌ಗಳ ಜೊತೆಗೆ ಮೀಟರ್ ಬೋರ್ಡಿನ ಉಲ್ಲೇಖವೂ ಇದೆ. ಅಂದರೆ ಬಾಗಿಲು ಈಗಾಗಲೇ ತೆರೆದಿದೆ. ಆದರೆ ಕಾರ್ಬ್ಯುರೇಟರ್ ಕಾಲದಲ್ಲಿ ಬರೆದ ಆ ಪಟ್ಟಿಯಲ್ಲಿ ಕಾರು ತಾನಾಗಿ ವೇಗ ಹಿಡಿಯುವ ಸಂಗತಿಯಿಲ್ಲ. ಇತ್ತ ವಾಹನ ತಯಾರಕರಿಗೆ ಎಐಎಸ್-071 ಎಂಬ ಮಾನದಂಡವಿದೆ. ಸ್ವಿಚ್ಚು ಮತ್ತು ದೀಪಗಳ ಗುರುತು ಹೇಗಿರಬೇಕೆಂದು ಅದು ಹೇಳುತ್ತದೆ. ಗುರುತು ಹಾಕುವವರಿಗೆ ನಿಯಮವಿದ್ದು, ಅದನ್ನು ಓದಬೇಕಾದವರಿಗೆ ಪಾಠವೇ ಇಲ್ಲದಿದ್ದರೆ ಆ ಮಾನದಂಡದಿಂದ ರಸ್ತೆಗೆ ಸಿಗುವ ಪ್ರಯೋಜನ ಅರ್ಧವೇ.

ಕಾರಿನ ಜೊತೆ ಕೈಪಿಡಿ ಕೊಡುತ್ತಾರಲ್ಲ, ಓದಿಕೊಳ್ಳಲಿ ಎಂದು ಕೆಲವರು ಹೇಳಬಹುದು. ಆದರೆ ಕೈಪಿಡಿ ಸಾಮಾನ್ಯವಾಗಿ ನೂರಾರು ಪುಟಗಳ ಇಂಗ್ಲಿಷ್ ಪುಸ್ತಕ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಅದು ಬರುತ್ತದೆಂಬ ಖಾತ್ರಿಯಿಲ್ಲ, ಬಾಡಿಗೆ ಕಾರು ಓಡಿಸುವವರ ಕೈಗೆ ತಲುಪುತ್ತದೆಂದೂ ಇಲ್ಲ. ಚಿತ್ರಕ್ಕೆ ಭಾಷೆ ಬೇಡ ಎಂಬ ಮಾತೂ ಇದೆ. ಚಿತ್ರ ಗುರುತಿಸುವುದು ಬೇರೆ, ಬೂದು ಬಣ್ಣದಿಂದ ಹಸಿರಿಗೆ ತಿರುಗಿದ್ದರ ಅರ್ಥ ತಿಳಿಯುವುದು ಬೇರೆ. ಅದೂ ಅಲ್ಲದೆ ಒಂದು ಕಂಪನಿಯ ಕಾರಿನಲ್ಲಿ ಬಣ್ಣ ಬದಲಾದರೆ ಇನ್ನೊಂದರಲ್ಲಿ ‘ಸೆಟ್’ ಎಂಬ ಅಕ್ಷರ ಮೂಡುತ್ತದೆ. ಹಾಗಾಗಿ ಬಾಯಿಪಾಠದ ಬದಲು ಮೂರು ಸ್ಥಿತಿಗಳ ತತ್ವವನ್ನೇ ಕಲಿಸಬೇಕು.

ಕಲಿಸಿದರೆ ಕೆಟ್ಟ ರಸ್ತೆಯಲ್ಲೂ ಬಳಸಲು ಪ್ರೋತ್ಸಾಹ ಕೊಟ್ಟಂತಾಗುತ್ತದೆ ಎಂಬ ಆತಂಕ ತೂಕದ್ದು. ಆದರೆ ಗುಂಡಿ ಈಗಾಗಲೇ ಬೆರಳಿನ ಕೆಳಗಿದೆ. ಕಲಿಸದಿದ್ದರೂ ಜನ ಒತ್ತಿ ನೋಡುತ್ತಾರೆ, ಅದೂ ಓಡುವ ಕಾರಿನಲ್ಲಿ. ಪಾಠದ ಅರ್ಧಭಾಗ ಎಲ್ಲಿ ಬಳಸಬಾರದು ಎಂಬುದಕ್ಕೇ ಮೀಸಲಾದರೆ ಈ ಆತಂಕಕ್ಕೆ ಅದೇ ಮದ್ದು. ಇನ್ನು, ನಿಯಮ ಕೇಂದ್ರದ್ದು, ರಾಜ್ಯದ ಕೈಯಲ್ಲಿ ಏನಿದೆ ಎನ್ನಬಹುದು. ನಿಯಮದ ತಿದ್ದುಪಡಿ ಕೇಂದ್ರದ ಕೆಲಸ ನಿಜ. ಆದರೆ ಡ್ರೈವಿಂಗ್ ಸ್ಕೂಲುಗಳ ಮೇಲಿನ ನಿಗಾ, ಆರ್‌ಟಿಒ ಕಚೇರಿಗಳ ತಿಳಿವಳಿಕೆ ಕಾರ್ಯಕ್ರಮ, ಕನ್ನಡದ ಕಲಿಕೆ ಸಾಮಗ್ರಿ ತಮ್ಮ ಇಲಾಖೆಯ ವ್ಯಾಪ್ತಿಯಲ್ಲೇ ಇವೆ. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ವೇಗ ಮೀರಿದಾಗಿನ ಎಚ್ಚರಿಕೆ ಸದ್ದು, ಸೀಟ್ ಬೆಲ್ಟ್ ನೆನಪಿಸುವ ಸೂಚನೆ ಕಡ್ಡಾಯವಾಗಿವೆ. ಯಂತ್ರ ಚಾಲಕನೊಡನೆ ಮಾತಾಡಬೇಕೆಂದು ಸರ್ಕಾರವೇ ಒಪ್ಪಿರುವಾಗ, ಆ ಮಾತು ಚಾಲಕನಿಗೆ ತಿಳಿಯುವಂತೆ ಮಾಡುವುದೂ ಸರ್ಕಾರದ ಹೊಣೆ.

ಆದ್ದರಿಂದ ತಮ್ಮಲ್ಲಿ ಮೂರು ಮನವಿ. ಮೀಟರಿನ ದೀಪಗಳು ಹಾಗೂ ಕ್ರೂಸ್ ಸ್ವಿಚ್ಚುಗಳನ್ನು ಬಣ್ಣದ ಚಿತ್ರಗಳೊಡನೆ ವಿವರಿಸುವ ಒಂದು ಹಾಳೆಯ ಕನ್ನಡ ಮಾಹಿತಿಯನ್ನು ಇಲಾಖೆ ಹೊರತರಲಿ; ಹೊಸ ಕಾರಿನ ನೋಂದಣಿಯಲ್ಲೂ ಹಳೆಯ ಕಾರಿನ ಮಾಲೀಕತ್ವ ವರ್ಗಾವಣೆಯಲ್ಲೂ ಅದು ಕೈಸೇರಲಿ. ಡ್ರೈವಿಂಗ್ ಸ್ಕೂಲುಗಳು ನಿಂತ ಕಾರಿನಲ್ಲಿ ಮೊದಲು ಈ ಪಾಠ ಹೇಳಿಕೊಡುವಂತೆ ಸುತ್ತೋಲೆ ಹೊರಡಲಿ. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ದೀಪಗಳ ಬಗ್ಗೆ ಪ್ರಶ್ನೆ ಕಡ್ಡಾಯವಾಗುವಂತೆ ನಿಯಮ ತಿದ್ದಲು ಕೇಂದ್ರಕ್ಕೆ ಶಿಫಾರಸು ಹೋಗಲಿ. ಮೊದಲ ಎರಡಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಅನುದಾನವೂ ಬೇಡ. ಮುಂದಿನ ಕಟಾವಿನ ಹಂಗಾಮಿಗೆ ಮೊದಲೇ ರಾಯಚೂರು ಜಿಲ್ಲೆಯಿಂದ ಇದನ್ನು ಆರಂಭಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಂತೆಕಲ್ಲೂರಿನ ಒಬ್ಬ ನಾಗರಿಕ