ಬಿಯರಿನ ಹಣದಿಂದ ಉಳಿದ ಮನೆ

ಲಂಡನ್ನಿನ ಉತ್ತರಕ್ಕೆ, ಹ್ಯಾಂಪ್‌ಸ್ಟೆಡ್ ಹೀತ್ ಎಂಬ ವಿಶಾಲವಾದ ಬಯಲಿನ ಅಂಚಿನಲ್ಲಿರುವ ಕೆನ್‌ವುಡ್ ಭವನಕ್ಕೆ ಇಂದಿನ ರೂಪವನ್ನು ಕೊಡಿಸಿದವನು ಮದ್ಯದ ವರ್ತಕನಲ್ಲ. ಅಲ್ಲಿದ್ದ ಹಳೆಯ ಮನೆಯನ್ನು 1764ರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಆಡಮ್‌ನ ಕೈಗೊಪ್ಪಿಸಿ, ಪ್ರಾಚೀನ ರೋಮಿನ ಮಾದರಿಯನ್ನನುಸರಿಸಿದ ನವ ಅಭಿಜಾತ ಶೈಲಿಯಲ್ಲಿ ಮಾರ್ಪಡಿಸಿದವನು ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶನಾಗಿದ್ದ ಮ್ಯಾನ್ಸ್‌ಫೀಲ್ಡ್ ಪ್ರಭು. ಆದರೆ ಆ ಮನೆ ಲೋಕದ ಸ್ವತ್ತಾಗಿ ಉಳಿದುದು ಡಬ್ಲಿನ್ನಿನ ಗಿನ್ನೆಸ್ ಮನೆತನದ ಬಿಯರಿನ ಹಣದಿಂದ ಎಂಬುದನ್ನು, ಮದ್ಯವೆಂದೊಡನೆ ಮುಖ ತಿರುಗಿಸುವವರೂ (ನಾನೂ ಆ ಪಂಗಡದವನೇ) ಒಪ್ಪಲೇಬೇಕು.

1759ರಲ್ಲಿ ಆರ್ಥರ್ ಗಿನ್ನೆಸ್ ತನ್ನ ಕಾರ್ಖಾನೆಯ ಸ್ಥಳಕ್ಕೆ ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಗಳ ಗುತ್ತಿಗೆಯನ್ನು ಬರೆಸಿಕೊಂಡನು. ಆ ಧೈರ್ಯಕ್ಕೆ ಏನೆನ್ನೋಣ! ಅವನ ಮರಿಮಗನಾದ ಎಡ್ವರ್ಡ್ ಸೆಸಿಲ್, ಮುಂದೆ ಐವಾ ಪ್ರಭುವೆನಿಸಿದವನು, 1886ರಲ್ಲಿ ಉದ್ಯಮದ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ, ಬಂದ ಅಪಾರ ಧನದಲ್ಲಿ ಚಿತ್ರಗಳನ್ನು ಕೊಳ್ಳತೊಡಗಿದನು. ಅತ್ತ ಕೆನ್‌ವುಡ್‌ನ ಪೀಠೋಪಕರಣಗಳು 1922ರಲ್ಲಿ ಹರಾಜಾಗಿ, ಸುತ್ತಲಿನ ಭೂಮಿಯೆಲ್ಲ ನಿವೇಶನಗಳಾಗಿ ಒಡೆದುಹೋಗುವ ಭೀತಿ ಒದಗಿದ್ದ ಕಾಲದಲ್ಲಿ, 1925ರಲ್ಲಿ, ಅವನು ಆ ಮನೆಯನ್ನು ಕೊಂಡನು. ತಾನು ಅಲ್ಲಿ ವಾಸಿಸಲಿಲ್ಲ. ಎರಡೇ ವರ್ಷಗಳಲ್ಲಿ ತೀರಿಕೊಂಡು, ರೆಂಬ್ರಾಂಟ್, ವರ್ಮೀರ್, ಗೇನ್ಸ್‌ಬರೋ ಮೊದಲಾದವರ 63 ಚಿತ್ರಗಳೊಡನೆ ಮನೆಯನ್ನು ಜನತೆಗೆ ಬಿಟ್ಟುಹೋದನು.

ಆ ಭವನದ ಗ್ರಂಥಾಲಯವೊಂದೇ ಸಾಕು ಈ ದಾನದ ಬೆಲೆಯನ್ನು ತಿಳಿಯಲು. ಉದ್ದನೆಯ ಕೋಣೆಯ ಎರಡು ತುದಿಗಳಲ್ಲೂ ಅರ್ಧವೃತ್ತವಾಗಿ ಬಾಗಿದ ಗೋಡೆ, ಅದರ ಮುಂದೆ ಎತ್ತರದ ಕಂಬಗಳ ಜೋಡಿ, ಕಮಾನಿನಂತಿರುವ ಒಳಮಾಳಿಗೆಯ ನಸುಗೆಂಪು ತಿಳಿನೀಲಿಗಳ ನಡುವೆ ಆಂಟೋನಿಯೊ ಝುಕ್ಕಿಯ ಚಿತ್ರಗಳು. ಅನಂತರದವರು ಬಳಿದಿದ್ದ ಚಿನ್ನದ ಲೇಪವನ್ನು 2013ರಲ್ಲಿ ಪೂರೈಸಿದ ಜೀರ್ಣೋದ್ಧಾರದಲ್ಲಿ ಮರೆಮಾಡಿ ಆಡಮ್‌ನ ಬಣ್ಣಗಳನ್ನೇ ಮರಳಿ ತಂದಿರುವುದು, ನನ್ನ ಮಟ್ಟಿಗೆ, ಪರಮ ವಿವೇಕದ ಕಾರ್ಯ.

ಇದೇ ಮನೆತನದ ಡಬ್ಲಿನ್ ನಿವಾಸವನ್ನು ಎಡ್ವರ್ಡನ ಮಗ 1939ರಲ್ಲಿ ಐರಿಷ್ ಸರ್ಕಾರಕ್ಕೆ ದಾನವಿತ್ತನು; ಅದೀಗ ವಿದೇಶಾಂಗ ಇಲಾಖೆಯ ಕಚೇರಿ. ಔದಾರ್ಯದಲ್ಲಿ ಮಗನು ತಂದೆಗೆ ಕಡಿಮೆಯಲ್ಲ. ಆದರೂ ಸರ್ಕಾರಕ್ಕೆ ಕೊಟ್ಟದ್ದೆಲ್ಲ ಜನರಿಗೆ ಕೊಟ್ಟಂತಾಗುವುದಿಲ್ಲವಾದ್ದರಿಂದ, ತಂದೆಯ ದಾನವೇ ಮೇಲೆಂದು ನಾನು ಹೇಳುವೆನು. 1928ರಲ್ಲಿ ತೆರೆದ ಕೆನ್‌ವುಡ್‌ಗೆ ಪ್ರವೇಶ ಇಂದಿಗೂ ಉಚಿತ.