ಕತ್ತರಿ ಯಾರ ಕೈಯಲ್ಲಿ?

ಹಾವೇರಿಯಲ್ಲಿ ನಾನು ಪಾಠ ಹೇಳುವ ಕಾಲೇಜಿಗೆ ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಿಂದ ಬರುವ ಹುಡುಗಿ 2025ರ ಶ್ರಾವಣದಲ್ಲಿ ನನ್ನಲ್ಲಿಗೆ ಬಂದಳು. ಊರ ಶಾಲೆಯ ಮಾಳಿಗೆ ಸೋರುತ್ತಿದೆ, ಒಂದು ಅರ್ಜಿ ಬರೆದುಕೊಡಬೇಕೆಂದು ಅವಳ ಕೋರಿಕೆ. ಬರೆದುಕೊಟ್ಟೆ. ಕಾಗದ ಮಡಿಸಿಕೊಳ್ಳುತ್ತ ಕೇಳಿದಳು: “ಸರ್, ಇದನ್ನ ನಮ್ಮ ಜಿಲ್ಲಾ ಪಂಚಾಯ್ತಿ ಮೆಂಬರಿಗೆ ಕೊಡಬೇಕಂತ ಅಪ್ಪ ಹೇಳ್ಯಾನ. ಅವರು ಯಾರ್ರೀ?” ಭಾಮಿನಿಗೂ ವಾರ್ಧಕಕ್ಕೂ ಇರುವ ಭೇದವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ನನಗೆ ಈ ಪ್ರಶ್ನೆಗೆ ಬಾಯಿ ಕಟ್ಟಿತು. ಮೆಂಬರರು ಯಾರೂ ಇರಲಿಲ್ಲ.

ಅದಕ್ಕೆ ಹಿಂದಿನ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ಅವಳು ನಾಲ್ಕನೆಯ ಈಯತ್ತೆಯಲ್ಲಿದ್ದಳಂತೆ. ಗೆದ್ದವರ ಅವಧಿ 2021ರಲ್ಲಿ ತೀರಿತು. ಆ ಹೊತ್ತಿಗೆ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗೆರೆ ಎಳೆದಿತ್ತು. ಮೀಸಲಾತಿಯ ಕರಡನ್ನೂ ಹೊರಡಿಸಿತು. ಆಗ ಅಧಿಕಾರದಲ್ಲಿದ್ದ ಭಾರತೀಯ ಜನತಾ ಪಕ್ಷದ ಸರಕಾರ ಅದೇ ವರ್ಷ ಕಾಯಿದೆಗೆ ತಿದ್ದುಪಡಿ ತಂದು, ಗೆರೆ ಎಳೆಯುವ ಕೆಲಸವನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು, ತಾನು ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಎಳೆದದ್ದೆಲ್ಲ ನೀರ ಮೇಲಿನ ಗೆರೆಯಾಯಿತು. ವಿಳಂಬಕ್ಕಾಗಿ 2022ರ ಡಿಸೆಂಬರಿನಲ್ಲಿ ಹೈಕೋರ್ಟು 5 ಲಕ್ಷ ರೂಪಾಯಿ ದಂಡ ಹಾಕಿತು. ವಿರೋಧದ ಸಾಲಿನಲ್ಲಿದ್ದ ಕಾಂಗ್ರೆಸ್ಸು ಸರಕಾರವನ್ನು ಖಂಡಿಸಿತು. 2023ರ ಮೇ ತಿಂಗಳಲ್ಲಿ ಖಂಡಿಸಿದವರೇ ಗದ್ದುಗೆ ಏರಿದರು. ಆ ವರ್ಷ ಹೋಯಿತು, 2024 ಹೋಯಿತು, 2025ರ ಶ್ರಾವಣವೂ ಬಂತು, ಚುನಾವಣೆ ಬರಲಿಲ್ಲ.

ಇದು ಹಳ್ಳಿಗಾಡಿನ ಹಣೆಬರಹ ಎಂದು ಪೇಟೆಯ ವಾಚಕರು ಪುಟ ಮಗುಚಬೇಕಾಗಿಲ್ಲ. ಬೆಂಗಳೂರಿನ ಕತೆಯೂ ಇದೇ. ಅಲ್ಲಿಯ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಗ ಇದ್ದ ವಾರ್ಡುಗಳು 198. ಭಾಜಪ ಸರಕಾರ 2022ರಲ್ಲಿ ಅವನ್ನು 243 ಮಾಡಿತು. ಆಕ್ಷೇಪಣೆಗೆ ಕೊಟ್ಟ ಕಾಲ 15 ದಿನ. ತಮಗೆ ಬೇಕಾದ ಹಾಗೆ ಓಣಿಗಳನ್ನು ಕತ್ತರಿಸಿಕೊಂಡಿದ್ದಾರೆಂದು ಕಾಂಗ್ರೆಸ್ಸಿನವರು ಬೊಬ್ಬೆ ಹೊಡೆದರು. ಆ ಬೊಬ್ಬೆಯಲ್ಲಿ ನಿಜಾಂಶವಿಲ್ಲದೆ ಇರಲಿಲ್ಲ. ಮರುವರ್ಷ ಕತ್ತರಿ ಅವರ ಕೈಗೆ ಬಂತು. ಹಳೆಯ ನಕ್ಷೆ ರದ್ದಾಯಿತು, ವಾರ್ಡುಗಳು 225 ಆದವು, ಬೊಬ್ಬೆ ಹೊಡೆಯುವ ಸರದಿ ಭಾಜಪದ್ದಾಯಿತು. 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿ 369 ವಾರ್ಡು ಬರೆದರು. ಮೂರು ನಕ್ಷೆಗಳು ಬಂದುಹೋದವು. 2025 ಮುಗಿದರೂ ಒಬ್ಬ ಕಾರ್ಪೊರೇಟರನೂ ಆರಿಸಿ ಬರಲಿಲ್ಲ.

ಗೆರೆ ಎಂದರೆ ಸಾಮಾನ್ಯವೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಲಾರರು. 1997ರವರೆಗೆ ನಾವು ಧಾರವಾಡ ಜಿಲ್ಲೆಯವರು, ಆಮೇಲೆ ಹಾವೇರಿಯವರಾದೆವು. 2008ರಲ್ಲಿ ಲೋಕಸಭೆಯ ಧಾರವಾಡ ದಕ್ಷಿಣ ಕ್ಷೇತ್ರ ಹೋಗಿ ಹಾವೇರಿ ಕ್ಷೇತ್ರ ಬಂತು. ಅದರೊಳಗೆ ಗದಗ, ರೋಣ, ಶಿರಹಟ್ಟಿಗಳು ಸೇರಿದವು. ನಮ್ಮದೇ ಜಿಲ್ಲೆಯ ಶಿಗ್ಗಾವಿ ಹೊರಗುಳಿಯಿತು. ಕನಕದಾಸರ ಬಾಡ ಕಂದಾಯಕ್ಕೆ ಹಾವೇರಿ, ಲೋಕಸಭೆಗೆ ಧಾರವಾಡ! ಹಾವೇರಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಎಷ್ಟೋ ಮುಂದಾಳುಗಳು ಬೇರೆ ಊರು ಹುಡುಕಬೇಕಾಯಿತು. ಜನಕ್ಕೆ ಸಿಟ್ಟು ಬಂತು. ಆದರೆ ಇದು ಇಂಥ ಪಕ್ಷದ ಕೈಚಳಕವೆಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಏಕೆಂದರೆ ಆ ಲೇಖನಿ ಹಿಡಿದಿದ್ದವರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಾಧೀಶ ಕುಲದೀಪ ಸಿಂಗರ ಅಧ್ಯಕ್ಷತೆಯ ಆಯೋಗದವರು. ಅದರಲ್ಲಿ ಕೇಂದ್ರದ ಮತ್ತು ರಾಜ್ಯದ ಚುನಾವಣಾ ಆಯುಕ್ತರಿದ್ದರು. ಪ್ರತಿ ದೊಡ್ಡ ರಾಜ್ಯದಿಂದ ಐದು ಮಂದಿ ಸಂಸದರೂ ಐದು ಮಂದಿ ಶಾಸಕರೂ ಜೊತೆಗೆ ಕುಳಿತು ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ಸಿಟ್ಟು ಬೇರೆ, ಸಂಶಯ ಬೇರೆ. ಸಿಟ್ಟು ಒಂದು ಚುನಾವಣೆಗೆ ಆರುತ್ತದೆ. ಸಂಶಯ ಹಾಗೆ ಆರುವುದಿಲ್ಲ.

ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಚೀಲ ತಂದ ರೈತನನ್ನು ಕೇಳಿರಿ. ಕೊಳ್ಳುವವನೇ ತಕ್ಕಡಿ ಹಿಡಿದು, ಕಲ್ಲನ್ನೂ ತನ್ನ ಮನೆಯಿಂದಲೇ ತಂದರೆ ಅವನು ಚೀಲ ಬಿಚ್ಚುತ್ತಾನೆಯೇ?

ಈ ಮಾತನ್ನು ರಾಣೆಬೆನ್ನೂರಿನ ನಮ್ಮ ಓಣಿಯ ಚಹದ ಅಂಗಡಿಯಲ್ಲಿ ಆಡಿದಾಗ ಪಕ್ಷವೊಂದರ ಕಾರ್ಯಕರ್ತರು ನಕ್ಕರು. “ಮಾಸ್ತರ್ರ, ಅವರು ಕತ್ತರಿ ಆಡಿಸಿದಾಗ ನಾವು ಕೈ ಕಟ್ಟಿ ಕುಂತರ ಮುಂದ ಪಕ್ಷನ ಉಳಿಯೂದಿಲ್ರಿ.” ಈ ವಾದ ಹಗುರವಾದುದಲ್ಲ. ಅಮೆರಿಕದಲ್ಲಿ ಇದೇ ಆಗಿದೆ. 2025ರ ಆಗಸ್ಟಿನಲ್ಲಿ ಟೆಕ್ಸಾಸಿನ ರಿಪಬ್ಲಿಕನ್ನರು ಜನಗಣತಿಯ ಹೊತ್ತು ಬಾರದೆಯೇ ಇನ್ನೈದು ಸ್ಥಾನಗಳ ಆಸೆಗೆ ನಕ್ಷೆ ಬದಲಿಸಿದರು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯದ ಡೆಮೊಕ್ರಾಟರು ತಮ್ಮ ಸ್ವತಂತ್ರ ಆಯೋಗ ಬರೆದ ನಕ್ಷೆಯನ್ನು ಪಕ್ಕಕ್ಕಿಟ್ಟು, ತಮಗೆ ಅನುಕೂಲವಾದ ನಕ್ಷೆಯನ್ನು ಆ ನವೆಂಬರಿನಲ್ಲಿ ಜನರ ಮತಕ್ಕೆ ಹಾಕಿ ಗೆದ್ದರು. ಅಷ್ಟಾದರೂ ಅವರು ಜನರನ್ನು ಕೇಳಿದರು, 2030ರವರೆಗೆ ಮಾತ್ರ ಎಂದು ಗಡುವು ಹಾಕಿಕೊಂಡರು. ನಮ್ಮಲ್ಲಿ ಅದೂ ಇಲ್ಲ. ಇಷ್ಟಾಗಿ ಆ ಉತ್ತರ ಸರಿಯೆಂದು ನಾನು ಹೇಳಲಾರೆ. ಟೆಕ್ಸಾಸಿನ ಡೆಮೊಕ್ರಾಟನಿಗೆ ಆದ ಅನ್ಯಾಯವನ್ನು ಕ್ಯಾಲಿಫೋರ್ನಿಯದ ರಿಪಬ್ಲಿಕನ್ ಮತದಾರ ಏಕೆ ತೀರಿಸಬೇಕು? ಇಬ್ಬರ ಮತವೂ ತೂಕ ಕಳೆದುಕೊಂಡಿತು, ಅಷ್ಟೆ.

ಹಾಗಾದರೆ ವಿರೋಧ ಪಕ್ಷ ಮಾಡಬೇಕಾದುದೇನು? ಮೊದಲು ಆ 15 ದಿನಗಳನ್ನು ಗೌರವಿಸಬೇಕು. ಕರಡು ಬಂದ ದಿನವೇ ನಕ್ಷೆ ಹಿಡಿದು ಊರೂರಿಗೆ ಹೋಗಿ, ಯಾವ ಹಳ್ಳಿಯ ಜನಸಂಖ್ಯೆ ಎಷ್ಟು, ಯಾವ ಹಳ್ಳಕ್ಕೆ ಸೇತುವೆ ಇಲ್ಲ, ಯಾವ ಕೇರಿಯನ್ನು ನಡುವೆ ಸೀಳಿದ್ದಾರೆ ಎಂದು ಬರೆದು ಕೊಡಬೇಕು. ನಮ್ಮ ಪಕ್ಷಗಳಿಗೆ ಈ ಕೆಲಸ ಬೇಡ, ಅದರಲ್ಲಿ ಹಾರವಿಲ್ಲ. ಸಭಾತ್ಯಾಗ ಬೇಕು, ಪತ್ರಿಕಾಗೋಷ್ಠಿ ಬೇಕು. ನನ್ನನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ. ನಮ್ಮ ತಾಲೂಕಿನ ಕರಡು ಪತ್ರಿಕೆಯಲ್ಲಿ ಬಂದಾಗ, ಹೊಳೆಯಾಚೆಯ ಹಳ್ಳಿಯನ್ನು ಈಚೆಯ ಕ್ಷೇತ್ರಕ್ಕೆ ಗಂಟು ಹಾಕಿದ್ದನ್ನು ಕಂಡು ಇದೇ ಚಹದ ಅಂಗಡಿಯಲ್ಲಿ ಒಂದು ತಾಸು ಹರಟಿದೆ. ಒಂದು ಪುಟ ಆಕ್ಷೇಪಣೆ ಬರೆಯಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳ ನೆವ ಇತ್ತು. ನೆವ ಯಾವಾಗಲೂ ಇರುತ್ತದೆ.

ಎರಡನೆಯದು ಕಷ್ಟದ ಕೆಲಸ. ಅಧಿಕಾರವಿಲ್ಲದಾಗಲೇ ಬರೆದು ಸಹಿ ಹಾಕಬೇಕು: ನಾವು ಬಂದರೆ ಗೆರೆ ಎಳೆಯುವ ಹಕ್ಕನ್ನು ಚುನಾವಣಾ ಆಯೋಗಕ್ಕೆ ಹಿಂದಕ್ಕೆ ಕೊಡುತ್ತೇವೆ, ಒಂದು ಜನಗಣತಿಯಿಂದ ಇನ್ನೊಂದರವರೆಗೆ ನಕ್ಷೆ ಮುಟ್ಟುವುದಿಲ್ಲ, ಅವಧಿ ಮುಗಿಯುವ ಮುನ್ನವೇ ಚುನಾವಣೆ ಎಂದು. ಇದನ್ನು ಕಾಂಗ್ರೆಸ್ಸು 2021ರಲ್ಲಿ ಬರೆಯಬಹುದಿತ್ತು. 2023ರಲ್ಲಿ ಸೋತು ವಿರೋಧದ ಸಾಲಿಗೆ ಬಂದ ಭಾಜಪಕ್ಕೆ ಬರೆಯಲು ಇನ್ನೂ ಹೆಚ್ಚಿನ ಕಾರಣವಿತ್ತು. ಮೊದಲು ಕಿತ್ತುಕೊಂಡವರು ಅವರೇ.

ಇದರ ಮೇಲೆ ದಿಲ್ಲಿಯ ಕತ್ತರಿ ಬೇರೆ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದನ್ನು ಸಂವಿಧಾನದ 84ನೆಯ ತಿದ್ದುಪಡಿ 2026ರ ಅನಂತರದ ಮೊದಲ ಜನಗಣತಿಯವರೆಗೆ ಕಟ್ಟಿಹಾಕಿತ್ತು. ಕಟ್ಟು ಬಿಚ್ಚಿದರೆ ನಮ್ಮ 28 ಸ್ಥಾನಗಳ ತೂಕ ಕುಗ್ಗೀತೆಂಬ ಭಯ ದಕ್ಷಿಣದವರೆಲ್ಲರದು, ನನ್ನದೂ ಹೌದು. 2025ರ ಮಾರ್ಚ್ 22ರಂದು ಚೆನ್ನೈಯಲ್ಲಿ ಸ್ಟಾಲಿನ್ನರು ಕರೆದ ಸಭೆಗೆ ಕರ್ನಾಟಕದಿಂದ ಉಪಮುಖ್ಯಮಂತ್ರಿಯಾಗಿ ಡಿ. ಕೆ. ಶಿವಕುಮಾರರು ಹೋಗಿದ್ದರು. ಹೋದದ್ದು ಸರಿ. ಆದರೆ ಗೆರೆಯ ನ್ಯಾಯವನ್ನು ದಿಲ್ಲಿಯಲ್ಲಿ ಕೇಳುವವರನ್ನು, “ನಿಮ್ಮ ಜಿಲ್ಲಾ ಪಂಚಾಯತಿಗಳ ಗೆರೆ ಏನಾಯಿತು ಸ್ವಾಮಿ?” ಎಂದು ಯಾರಾದರೂ ತಿರುಗಿ ಕೇಳಿದ್ದರೆ?

ಹುಡುಗಿಯ ಅರ್ಜಿಯ ಮೇಲೆ ‘ಮಾನ್ಯ ಸದಸ್ಯರಿಗೆ’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಮಾನ್ಯ ಆಡಳಿತಾಧಿಕಾರಿಗಳಿಗೆ’ ಎಂದು ತಿದ್ದಿಕೊಟ್ಟೆ. “ಅವರು ನಮ್ಮೂರಿಗೆ ಬರ್ತಾರೇನ್ರಿ, ಸರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೂರೂವರೆಯ ಬಸ್ಸು ಹಿಡಿಯಲು ಓಡಿದಳು.